ತಾರಸಿಯ ಮೇಲಿನ ಎಡೆ

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಚೆನ್ನಾಜಮ್ಮ ತೀರಿಕೊಂಡ ಅತ್ತೆಗೆಂದು ಎಡೆ ಹಿಡಿದು ತಾರಸಿ ಹತ್ತಿದಳು. ಅತ್ತೆಗೆ ಇಷ್ಟವಾಗಿದ್ದ ಕಜ್ಜಾಯವನ್ನು ಮರೆಯದೆ ಎಲೆಯ ತುದಿಗೆ ಇಟ್ಟಿದ್ದಳು.

ಎಡೆ ಮುಟ್ಟಲು ಕಾಗೆಗಳಿಲ್ಲದೆ ಆರು ವರ್ಷವಾಗಿತ್ತು. ಮೊದಲು ಆನೆ, ದನ, ನಾಯಿಗಳಂಥ ದೊಡ್ಡವು ಹೋದವು, ಆಮೇಲೆ ಹಕ್ಕಿಗಳು. ಬಿಲದಲ್ಲಿದ್ದ ಇಲಿಗಳು ಮಾತ್ರ ಉಳಿದು, ಬೆಕ್ಕಿನಷ್ಟು ಬೆಳೆದು, ಈಗ ಕಾಗೆಯ ಕೆಲಸವನ್ನೂ ತಾವೇ ಮಾಡುತ್ತಿದ್ದವು. ಇಲಿ ತಿಂದರೂ ಹಿರಿಯರಿಗೆ ಮುಟ್ಟಿದಂತೆಯೇ ಎಂದು ಪುರೋಹಿತರೂ ಒಪ್ಪಿದ್ದರು. ಮನುಷ್ಯರು ಎಡೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಕೈಮುಗಿದು ಕಾಯುವುದನ್ನು ಅವು ನೀರಿನ ತೊಟ್ಟಿಯ ಸಂದಿಯಿಂದ ಪ್ರತಿವರ್ಷ ನೋಡುತ್ತಿದ್ದವು.

ಇವತ್ತು ಅಲ್ಲಿ ಆಗಲೇ ಎರಡು ಎಲೆಗಳಿದ್ದವು.

“ರೀ, ಒಸಿ ಮೇಲಕ್ಕೆ ಬನ್ರೀ!”

ಗಂಡ ಕೆಂಪೀರಯ್ಯ ಏದುಸಿರು ಬಿಡುತ್ತ ಬಂದ. “ಎರಡೆರಡು ಎಡೆ ಯಾಕೆ ಮಡಗಿದ್ದೀಯೆ?”

“ನಾನು ಮಡಗಿದ್ದಲ್ಲ.”

ಎರಡೂ ಅರಳಿ ಎಲೆ. ಎರಡರಲ್ಲೂ ನಾಲ್ಕು ಅಗುಳು ಅನ್ನ. ಒಂದರ ತುದಿಯಲ್ಲಿ ಅವಳು ದಿನವೂ ಅಗಿಯುವ ಅಡಿಕೆಯ ಚೂರು, ಇನ್ನೊಂದರ ತುದಿಯಲ್ಲಿ ಅವನು ಸೇದುವ ಬೀಡಿ. ನಾಲ್ಕು ಹೆಜ್ಜೆ ಆಚೆ ಇಲಿಗಳು ಮುಂಗಾಲು ಜೋಡಿಸಿಕೊಂಡು ಸಾಲಾಗಿ ನಿಂತಿದ್ದವು.

ಕೆಂಪೀರಯ್ಯ ಚಪ್ಪಲಿ ಬೀಸಿ ಎಸೆದ. ಒಂದೂ ಕದಲಲಿಲ್ಲ.

“ಯಾಕೆ ಹೋಗ್ತಿಲ್ಲ ಇವು?”

ಚೆನ್ನಾಜಮ್ಮನ ಕೈಯಲ್ಲಿದ್ದ ಎಲೆ ವಾಲಿ ಕಜ್ಜಾಯ ಕೆಳಗೆ ಬಿತ್ತು. ಇಲಿಗಳು ಅದರತ್ತ ತಿರುಗಿಯೂ ನೋಡಲಿಲ್ಲ.

“ನಾವು ಮುಟ್ಟಲಿ ಅಂತ ಕಾಯ್ತಾ ಅವೆ,” ಎಂದಳು.