ಮೊಣಕಾಲು ನೋವು

ಡಬ್ಲಿನ್ನಿನ ಕ್ಲಿನಿಕ್ಕಿನಲ್ಲಿ ಕನ್ನಡದವರೇ ಆದ ಡಾಕ್ಟರ್ ನಿಸರ್ಗಾ, ಸರ್ವೋತ್ತಮರ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು ನೋಡಿದರು. ಒಳಗೆಲ್ಲ ಬಿಳಿಚಿಕೊಂಡಿತ್ತು. ರಕ್ತಪರೀಕ್ಷೆಯ ವರದಿ ನೋಡಿ, ಇಪ್ಪತ್ತೈದು ವರ್ಷದ ಸಕ್ಕರೆ ಕಾಯಿಲೆಗೆ ಕಿಡ್ನಿ ಸೋತಿದೆ, ಅದರಿಂದಲೇ ರಕ್ತ ಕಡಿಮೆಯಾಗಿದೆ ಎಂದರು. “ಏದುಸಿರು ಯಾವಾಗಿಂದ ಅಂಕಲ್?”

“ನಂಗೆಂತದ್ದೂ ಇಲ್ಲ. ವಾಕಿಂಗಲ್ಲಿ ಬೆಂಚು ಸಿಕ್ಕಿದ ಕೂಡ್ಲೇ ಕೂರುದು ಇವಳು. ಮೊಣಕಾಲು ನೋವಂತೆ,” ಎಂದು ಸರ್ವೋತ್ತಮರು ಹೆಂಡತಿ ಗುಲಾಬಿಯತ್ತ ಕೈ ತೋರಿಸಿದರು.

ಗುಲಾಬಿಯವರು ಸೆರಗನ್ನು ಬೆರಳಿಗೆ ಸುತ್ತಿಕೊಂಡರು. “ಇವ್ರಿಗೆ ಏದುಸಿರು ಶುರುವಾಗಿ ಆರು ತಿಂಗಳಾಯ್ತು ಡಾಕ್ಟ್ರೇ. ನನ್ನ ಕಾಲಿಗೆ ಎಂತದ್ದೂ ಆಗ್ಲಿಲ್ಲ. ಹಾಗೆ ಹೇಳದಿದ್ರೆ ಇವ್ರು ಕೂರುದೇ ಇಲ್ಲ.”

ಹೊರಗೆ ಬಂದಾಗ ಕಾರು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಸರ್ವೋತ್ತಮರು ಅರ್ಧದಲ್ಲೇ ಒಂದು ಬೆಂಚಿನ ಬಳಿ ನಿಂತು ಹೆಂಡತಿಯ ತೋಳು ಹಿಡಿದುಕೊಂಡರು.

“ಗುಲಾಬೀ, ನಂಗೆ ಸುಸ್ತಾಗ್ತಾ ಉಂಟು. ಸ್ವಲ್ಪ ಕೂರುವ.”