ಕೊಕ್ಕು ಮುರಿದ ಗಿಳಿಯ ತೊಟ್ಟಿಲು

"ಮೂರನೇ ಅಧ್ಯಾಯ ಕಿತ್ತು ಹಾಕಿ," ಎಂದರು ಪರೀಕ್ಷಕಿ. ಅವರು ತಳ್ಳಿದ ರಭಸಕ್ಕೆ ಪ್ರಬಂಧ ಮೇಜಿನ ಮೇಲೆ ಜಾರಿ, ನೀರಿನ ಲೋಟಕ್ಕೆ ಬಡಿದು ನಿಂತಿತು.

ಸಂಶೋಧಕಿ ಅದನ್ನು ಎತ್ತಿಕೊಳ್ಳಲಿಲ್ಲ. "ಕೀಳಲ್ಲ ಮೇಡಂ."

ಪಕ್ಕದಲ್ಲಿದ್ದ ಮಾರ್ಗದರ್ಶಕರು ಮೇಜಿನ ಕೆಳಗೆ ಅವಳ ಕಾಲು ತುಳಿದರು. ಡಾಕ್ಟರೇಟಿನ ಮೌಖಿಕ ಪರೀಕ್ಷೆಯಲ್ಲಿ ಹೇಗಿರಬೇಕೆಂದು ಬೆಳಿಗ್ಗೆಯಷ್ಟೇ ಪಾಠ ಮಾಡಿದ್ದರು. ಬೈದರೆ ತಲೆಯಾಡಿಸು. ತಿದ್ದು ಎಂದರೆ ಆಗಲಿ ಅನ್ನು. ಚಹಾ ಬಿಸ್ಕತ್ತು ಬರುವ ಹೊತ್ತಿಗೆ ಎಲ್ಲ ತಣ್ಣಗಾಗಿರುತ್ತದೆ. ಈ ಪರೀಕ್ಷಕಿಯ ಸಹವಾಸವೇ ಬೇಡ ಎಂದು ಮೊದಲೇ ಬಡಕೊಂಡಿದ್ದರು. ಇವಳು ಸಂಶೋಧನೆಗೆ ಆರಿಸಿಕೊಂಡ ಕಾದಂಬರಿಯ ವಿಷಯದಲ್ಲಿ ಆಕೆ ಹೇಳಿದ್ದೇ ವೇದವಾಕ್ಯ. ಎದುರಾಡಿದವರ ಪ್ರಬಂಧಗಳು ಮೂಲೆ ಸೇರಿದ್ದವು. ಆದರೆ ಇವಳು ಹಟ ಹಿಡಿದು ಆಕೆಯನ್ನೇ ಕರೆಸಿದ್ದಳು. ಪದವಿ ಸಿಕ್ಕರೆ ಅತಿಥಿ ಉಪನ್ಯಾಸಕಿಯ ಕೆಲಸ ಕಾಯಂ ಆಗುವುದಿತ್ತು. ಸಿಗದಿದ್ದರೆ ಇರುವ ಕೆಲಸಕ್ಕೂ ಸಂಚಕಾರ.

ಮನೆಯಲ್ಲಿ ಇವಳ ಕೈಗೂಸನ್ನು ಮಡಿಲಿಗೆ ಹಾಕಿಕೊಳ್ಳುತ್ತ ಅಮ್ಮನೂ ಒಂದು ಮಾತು ಹೇಳಿದ್ದಳು. "ಹೋಗ್ತೀಯಾ, ಹೋಗು. ಬಾಯಿ ಮಾತ್ರ ಬಿಗಿ ಹಿಡಿ. ಆಕೆ ಕಷ್ಟ ಆಕೆಗೆ ಗೊತ್ತು."

ಇವಳಿಗೆ ಬಾಯಿ ಬಿಗಿ ಹಿಡಿಯುವ ಉದ್ದೇಶವೇ ಇರಲಿಲ್ಲ.

ಕಾದಂಬರಿ ಗುಪ್ತನಾಮದಲ್ಲಿ ಬಂದದ್ದು. ಬರೆದವರು ಯಾರೆಂದು ಯಾರಿಗೂ ತಿಳಿಯದು. ಆಮೇಲೆ ಆ ಹೆಸರಿನಲ್ಲಿ ಒಂದು ಸಾಲೂ ಬರಲಿಲ್ಲ. ಓದುವ ಹುಚ್ಚಿನ ಹುಡುಗಿಯೊಬ್ಬಳು ಮನೆ ಬಿಟ್ಟು ಹೋಗುವ ಕಥೆ. ನಡುವೆ ಒಂದು ವಾಕ್ಯ: 'ಕೊಕ್ಕು ಮುರಿದ ಗಿಳಿಯಿದ್ದ ತೊಟ್ಟಿಲನ್ನು ಅವಳು ಮಾರಿದಳು.' ಆ ಒಂದು ವಾಕ್ಯದ ಮೇಲೆ ಪರೀಕ್ಷಕಿ ದಪ್ಪ ಪುಸ್ತಕವನ್ನೇ ಬರೆದಿದ್ದರು. ತೊಟ್ಟಿಲೆಂದರೆ ಸಂಪ್ರದಾಯ. ಮಾರಾಟವೆಂದರೆ ಬಂಡಾಯ. ಕೊಕ್ಕು ಮುರಿದ ಗಿಳಿಯೆಂದರೆ ದನಿ ಕಳೆದುಕೊಂಡ ಹೆಣ್ಣು. ಮೇಷ್ಟರುಗಳು ಅದನ್ನೇ ಹೇಳಿಕೊಟ್ಟರು, ಅದನ್ನೇ ಕೇಳಿದರು, ಅದಕ್ಕೇ ಅಂಕ ಕೊಟ್ಟರು. ಸಂಶೋಧಕಿಗೆ ಆ ಸಂಕೇತಗಳ ಹೆಸರೆತ್ತಿದರೆ ಮೈಯೆಲ್ಲ ಉರಿಯುತ್ತಿತ್ತು.

"ನೀವು ತೊಟ್ಟಿಲನ್ನ ಬರೀ ತೊಟ್ಟಿಲು ಅಂತ ಓದಿದ್ದೀರಿ," ಪರೀಕ್ಷಕಿ ಹೇಳಿದರು. "ಬಡಗಿ ಅಂಗಡೀಲಿ ನಡೆಯೋ ಮಾತು ಇದು. ಇಲ್ಲಿ ನಡೆಯಲ್ಲ."

"ತೊಟ್ಟಿಲು ಇದ್ದ ಮೇಲೆ ಮಗು ಇರಬೇಕಲ್ವಾ? ಇಷ್ಟು ಜನ ಬರೆದ್ರಿ. ಮಗು ಎಲ್ಲಿ ಹೋಯ್ತು ಅಂತ ಒಬ್ಬರೂ ಕೇಳಲಿಲ್ಲ."

"ಕಾದಂಬರೀಲಿ ಮಗು ಇಲ್ಲ."

"ಇಲ್ಲ ಅಂತಲೇ ನಾನೂ ಹೇಳ್ತಿರೋದು. ಯಾರಿಗೋ ಕೊಟ್ಟುಬಿಟ್ಟಿದ್ದಾರೆ."

ಪರೀಕ್ಷಕಿಯ ಕೈ ಲೋಟದ ಕಡೆಗೆ ಹೋಯಿತು, ನೀರು ಮುಟ್ಟದೆ ಹಿಂದೆ ಬಂತು. "ಕೈಗೂಸಿನ ತಾಯಿಯಂತೆ ನೀವು. ಅದಕ್ಕೇ ಕಂಡಕಂಡಲ್ಲಿ ಮಗು ಕಾಣ್ತಿದೆ. ಇದಕ್ಕೆ ಆಧಾರ ಏನು?"

"ಗಿಳಿ."

"ಗಿಳಿ ಸಂಕೇತ."

"ಸಂಕೇತಕ್ಕೆ ಅಂತ ಗಿಳಿ ಇಡೋರು ಅದನ್ನ ಪಂಜರದಲ್ಲಿ ಇಡ್ತಾರೆ ಮೇಡಂ. ಮರದ ಗಿಳಿಯ ಕೊಕ್ಕು ಮುರಿದದ್ದು, ಆ ತೊಟ್ಟಿಲು ತೂಗಿದವರಿಗೆ ಮಾತ್ರ ಗೊತ್ತಿರುತ್ತೆ."

"ಸಣ್ಣ ವಯಸ್ಸು, ಬಿಸಿರಕ್ತ," ಮಾರ್ಗದರ್ಶಕರು ನಗಲು ನೋಡಿದರು. "ಅಧ್ಯಾಯ ತೆಗೆಸ್ತೀನಿ ಮೇಡಂ." ಯಾರೂ ನಗಲಿಲ್ಲ. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದವನು ಒಳಗಿನ ಮುಖಗಳನ್ನು ನೋಡಿ ಹಾಗೇ ಹಿಂದಿರುಗಿದ.

ಸಂಶೋಧಕಿ ಎದ್ದು ನಿಂತಿದ್ದಳು.

"ಪದವಿ ಕೊಡ್ತೀರೋ ಬಿಡ್ತೀರೋ, ಇದನ್ನ ಕೇಳಿಸಿಕೊಳ್ಳಿ. ಈ ಪುಸ್ತಕ ಬರೆದವರ ಮೇಲೆ ನನಗೆ ಕವಡೆ ಕಾಸಿನ ಗೌರವವೂ ಇಲ್ಲ. ಹೊಟ್ಟೇಲಿ ಹುಟ್ಟಿದ್ದನ್ನ ಯಾರ ಕೈಗೋ ಹಾಕಿ, ಅದನ್ನ ಒಂದು ಸಾಲಲ್ಲಿ ಮುಚ್ಚಿಟ್ಟು, ಆಮೇಲೆ ಸಂಕೇತ ಸಂಕೇತ ಅಂತ ಊರವರ ಕೈಲಿ ಹೊಗಳಿಸಿಕೊಳ್ಳೋದು. ಮಗು ಚಿವುಟಿ ತೊಟ್ಟಿಲು ತೂಗೋದು ಅಂದ್ರೆ ಇದೇ. ಆ ಹೆಂಗಸಿಗೆ ಕರುಳೇ ಇರಲಿಲ್ಲ."

"ಹೆಂಗಸಾ?" ಮಾರ್ಗದರ್ಶಕರು ಕಣ್ಣರಳಿಸಿದರು. "ಬರೆದದ್ದು ಗಂಡಸು ಅಂತಲ್ವಾ ಎಲ್ಲರೂ..."

"ಕರುಳಿದ್ದಿದ್ರೆ ತೊಟ್ಟಿಲನ್ನಾದ್ರೂ ಇಟ್ಕೊಳ್ತಿದ್ರು. ಅದನ್ನೂ ಮಾರಿಕೊಂಡ್ರು."

"ಮಾರಲಿಲ್ಲ!"

ಪರೀಕ್ಷಕಿಯ ಅಂಗೈ ಮೇಜಿಗೆ ಬಡಿದಿತ್ತು. ಲೋಟ ಉರುಳಿ ನೀರು ಮೂರನೇ ಅಧ್ಯಾಯದ ಮೇಲೆ ಹರಿಯಿತು.

"ಏನು ಗೊತ್ತು ನಿಮಗೆ? ಪುಸ್ತಕದಲ್ಲಿ ಮಾರಿದಳು ಅಂತಿದ್ರೆ ಮಾರಿಬಿಟ್ಟಳಾ? ತಲೆದೆಸೆ ಕೊಂಡಿ ಕಿರುಗುಟ್ಟೋದು. ಎಷ್ಟು ಎಣ್ಣೆ ಬಿಟ್ರೂ ನಿಲ್ತಿರಲಿಲ್ಲ. ಆ ಸದ್ದು ಕೇಳದಿದ್ರೆ ಮಗು ಕಣ್ಣು ಮುಚ್ತಿರಲಿಲ್ಲ. ಹೊಸ ಮನೇಲಿ ಅತ್ತು ಸಾಯುತ್ತೆ ಅಂತಲೇ ತೊಟ್ಟಿಲನ್ನೂ ಜೊತೆಗೇ ಕಳಿಸಿ..."

ಮಾತು ಅಲ್ಲಿಗೇ ಕಡಿದುಹೋಯಿತು.

ಮಾರ್ಗದರ್ಶಕರು ಕನ್ನಡಕ ಮೂಗಿಗೇರಿಸಿ ಕಾದಂಬರಿಯ ಪುಟ ತಿರುವತೊಡಗಿದರು. ಇಂಥ ಮಹತ್ವದ ಸಂಕೇತ ಇಷ್ಟು ವರ್ಷ ತಮ್ಮ ಕಣ್ಣು ತಪ್ಪಿಸಿತ್ತಲ್ಲ ಎಂಬ ನಾಚಿಕೆ ಅವರಿಗೆ. "ಕೊಂಡಿ... ಕಿರುಗುಟ್ಟೋ ಕೊಂಡಿ... ಯಾವ ಪುಟದಲ್ಲಿದೆ ಮೇಡಂ ಇದು?"

ಬೆಳಗಿನಿಂದ ಪ್ರಬಂಧವನ್ನಷ್ಟೇ ನೋಡುತ್ತಿದ್ದ ಪರೀಕ್ಷಕಿ ಈಗ ಮೊದಲ ಸಲ ಅದನ್ನು ಬರೆದವಳ ಮುಖ ನೋಡುತ್ತಿದ್ದರು.

"ಯಾವ ಪುಟದಲ್ಲೂ ಇಲ್ಲ ಸರ್, ನಮ್ಮನೇಲಿದೆ," ಎಂದಳು ಸಂಶೋಧಕಿ. "ಎಣ್ಣೆ ಬಿಟ್ರೂ ಈಗಲೂ ಕಿರುಗುಟ್ಟುತ್ತೆ. ಆ ಸದ್ದಿಲ್ಲದೆ ನನ್ನ ಮಗಳೂ ಕಣ್ಣು ಮುಚ್ಚಲ್ಲ."