ಒಂಬತ್ತೂವರೆ ಅಡಿ

"ಹನ್ನೊಂದನೇದು ಕಣಕ್ಕಾ ಇದು! ಹನ್ನೊಂದು ಶಾಲೆ, ಹನ್ನೊಂದೂ ಕಡೆ ತಲೆ ತಾಗೋ ಸೂರು! ನಿಂಗೇನು ಕಣ್ಣು ಕಾಣಲ್ವಾ, ಇಲ್ಲಾ ನನ್ನ ಮೇಲೆ ಹಗೆ ಸಾಧಿಸ್ತಿದ್ಯಾ?"

ಖಾಲಿ ಸಭಾಂಗಣದ ನಡುವೆ ಮೇಜು ಹತ್ತಿ ನಿಂತ ತಮ್ಮ, ಅಂಗೈಯಿಂದ ಚಾವಣಿಯನ್ನು ಪಟಪಟ ಬಡಿದು ತೋರಿಸಿದ. ಸುಣ್ಣದ ಪುಡಿ ಬಣ್ಣ ಹಚ್ಚಿದ ಅವನ ಮುಖದ ಮೇಲೆ ಉದುರಿತು. ಐವತ್ತನಾಲ್ಕು ವರ್ಷದ ಗಂಡಸು, ಕೆನ್ನೆಗೆ ಕೆಂಪು ಬಳಿದುಕೊಂಡು, ಮೇಜಿನ ಮೇಲೆ ನಿಂತು ಮಗುವಿನ ಹಾಗೆ ಹಟ ಮಾಡುತ್ತಿದ್ದ.

"ಶಾಲೆಯೋರು ಕೊಟ್ಟ ಜಾಗ ಕಣೋ. ನಾನೇನು ಸೂರು ಹೊತ್ಕೊಂಡು ತಿರುಗ್ತೀನಾ?" ಎಂದಳು ಅಕ್ಕ.

ಶಾಲೆ, ಜಾತ್ರೆ, ಬಡಾವಣೆಗಳ ವಾರ್ಷಿಕೋತ್ಸವ, ಎಲ್ಲಿಂದ ಫೋನ್ ಬಂದರೂ ಎತ್ತುವವಳು ಅವಳೇ. ಜಾದೂಗಾರನೋ ಬೊಂಬೆಯಾಟದವರೋ ಡೋಲಿನವರೋ, ಯಾರು ಬೇಕೋ ಅವರನ್ನು ಗೊತ್ತುಮಾಡಿ ಕಳಿಸುತ್ತಿದ್ದಳು. ಮರಗಾಲು ಕಟ್ಟಿಕೊಂಡು ಕುಣಿಯುವವನು ಈ ತಮ್ಮ. ಅವನ ಜೊತೆ ಮಾತ್ರ ತಾನೇ ಹೋಗುತ್ತಿದ್ದಳು. ಅವನ ಹತ್ತಿರ ಎರಡು ಜೊತೆ ಮರಗಾಲುಗಳಿದ್ದವು, ಎರಡಡಿಯದೊಂದು, ಏಳಡಿಯದೊಂದು. ಏಳಡಿಯದು ಈ ವರ್ಷ ವ್ಯಾನಿನ ಮೇಲಿಂದ ಇಳಿದೇ ಇರಲಿಲ್ಲ.

"ಎರಡಡಿ ಮೇಲೆ ನಿಂತ್ರೆ ಯಾವ ಮಗು ಬಾಯಿ ಬಿಡುತ್ತೆ? ಮೊನ್ನೆ ಒಂದು ಚೋಟುದ್ದದ್ದು, 'ನಮ್ಮ ಸೋದರಮಾವನೂ ಇಷ್ಟೇ ಎತ್ತರ ಇದಾನೆ' ಅಂತು. ಕೇಳಿಸ್ಕೊಂಡ್ಯೋ ಇಲ್ವೋ?"

"ಕೇಳಿಸ್ಕೊಂಡೆ. ನಕ್ಕೂಬಿಟ್ಟೆ."

"ನಗು. ನಿಂಗೇನು ಹೋಯ್ತು? ನಾನು ಮರಗಾಲಿನವನಾ, ಇಲ್ಲಾ ಒಂದು ಚೂರು ಉದ್ದ ಬೆಳೆದ ಮನುಷ್ಯನಾ?"

ಮಕ್ಕಳನ್ನು ಒಳಗೆ ಕಳಿಸಬಹುದೇ ಎಂದು ಕೇಳಲು ಹೆಡ್ ಮೇಡಂ ಬಂದರು. ಕೂಗಾಟ ಅವರ ಕಿವಿಗೂ ಬಿದ್ದಿತ್ತು. ಪಾಪ, ಒಳ್ಳೆಯ ಹೆಂಗಸು, ಸಮಾಧಾನ ಮಾಡಲು ಹೊರಟರು.

"ಜಾಗ ಚಿಕ್ಕದಾಯ್ತಾ? ನಾವು ಅಂಗಳದಲ್ಲೇ ಇಟ್ಕೊಳ್ಳೋಣ ಅಂತಿದ್ವಿ. ಅಷ್ಟು ದೊಡ್ಡ ಅಂಗಳ ಇದೆ. ಇವರೇ ಬೇಡ ಅಂದ್ರು. ಸೂರು ಎಷ್ಟೆತ್ತರ ಅಂತ ಎರಡು ಸಲ ಕೇಳಿ, ಒಂಬತ್ತೂವರೆ ಅಂದ ಮೇಲೇ ತಾರೀಕು ಕೊಟ್ಟಿದ್ದು."

ಮೇಡಂಗೆ ತಾವೇನು ಹೇಳಿಬಿಟ್ಟೆವು ಎಂದು ಗೊತ್ತಾಗಲಿಲ್ಲ. ಆದರೆ ಇಬ್ಬರ ಮುಖ ನೋಡಿ, ಒಂದು ಕ್ಷಣ ಬಿಟ್ಟು ಬರುತ್ತೇನೆಂದು ಹೊರಗೆ ನಡೆದರು.

ಮೇಜಿನಿಂದ ತಮ್ಮ ಇಳಿದ. ಇಳಿಯುವಾಗ ಎಡಗಾಲನ್ನು ಜೋಪಾನವಾಗಿ ಊರಿದ್ದನ್ನು ಅಕ್ಕ ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಅವನ ಸಿಟ್ಟೆಲ್ಲ ಎಲ್ಲಿಗೋ ಇಳಿದುಹೋಗಿತ್ತು. ಅದಕ್ಕೇ ಅವಳಿಗೆ ದಿಗಿಲಾಯಿತು. ಕೂಗುವ ತಮ್ಮನನ್ನು ಸಂಭಾಳಿಸಿ ಅವಳಿಗೆ ರೂಢಿಯಿತ್ತು.

"ಹನ್ನೊಂದೂ ಕಡೆ ಹೀಗೇ ಕೇಳಿದ್ಯಾ?"

"ಕೇಳ್ದೆ."

"ಎತ್ತರ ಇದ್ದ ಕಡೆ?"

"ಜಾದೂಗಾರನ್ನ ಕಳಿಸ್ದೆ."

ಅವನು ನಕ್ಕಂತೆ ಮಾಡಿದ. "ಹೋದ ವರ್ಷ ಒಂದ್ಸಲ ಬಿದ್ದಿದ್ದಕ್ಕಾ?"

"ಬಿದ್ದೋನು ನೀನು. ನೋಡ್ದೋಳು ನಾನು," ಎಂದಳು ಅಕ್ಕ. "ಏಳಡಿ ಮೇಲಿಂದ ಬರೋಕೆ ಎಷ್ಟು ಹೊತ್ತು ಬೇಕು ಅಂತ ನಿಂಗೆ ಗೊತ್ತಿಲ್ಲ. ನಂಗೊತ್ತು. ಮೂರು ತಿಂಗಳು ಮಗ್ಗುಲು ಬದಲಾಯಿಸೋಕೂ ನಿನ್ನ ಹೆಂಡ್ತಿನ ಕರೀತಿದ್ದೆ."

"ನನ್ನನ್ನ ಒಂದು ಮಾತು ಕೇಳ್ಬೋದಿತ್ತು."

"ಕೇಳಿದ್ರೆ ಬಿಟ್ಬಿಡ್ತಿದ್ಯಾ?"

"ಇಲ್ಲ."

"ಮತ್ತೆ?"

"ಆದ್ರೂ ಕೇಳ್ಬೇಕಿತ್ತು ಅಕ್ಕ. ಇಡೀ ವರ್ಷ ನಾನು ನನ್ನ ಹಣೇಬರಾನೇ ಸರಿಯಿಲ್ಲ ಅಂದ್ಕೊಂಡಿದ್ದೆ."

ಎರಡಡಿಯ ಜೊತೆಯನ್ನು ಅವಳ ಪಕ್ಕದ ಗೋಡೆಗೆ ನಾಜೂಕಾಗಿ ಒರಗಿಸಿಟ್ಟ. ಬಾಗಿಲಿನಿಂದ ಆಚೆ, ಅಂಗಳದಲ್ಲಿದ್ದ ವ್ಯಾನಿನ ಕಡೆ ನಡೆದ.

ಉದ್ದದ ಮರಗಾಲು ಕಟ್ಟಬೇಕೆಂದರೆ ವ್ಯಾನಿನ ನೆತ್ತಿಯ ಮೇಲೆ ಕೂತು ಕಾಲು ಇಳಿಬಿಡಬೇಕು. ಮೊಣಕಾಲಿನವರೆಗೂ ಪಟ್ಟಿ ಬಿಗಿಯಬೇಕು. ಎದ್ದು ನಿಂತು ಇಡುವ ಮೊದಲ ಹೆಜ್ಜೆಗೆ ಕೆಳಗೊಬ್ಬರು ಕಾಯಬೇಕು. ಅದು ಈ ಕಸುಬಿನ ಕಟ್ಟಳೆ. ಮೂವತ್ತು ವರ್ಷ ಆ ಜಾಗದಲ್ಲಿ ನಿಂತವಳು ಅಕ್ಕ. "ಅಕ್ಕಾ, ಬಂದೆ" ಎಂದು ಅವನು ಕೂಗುವುದು, "ಬಾ" ಎಂದು ಇವಳು ಎರಡೂ ಕೈ ಎತ್ತುವುದು. ಅವಳು ಕಿವಿ ಅತ್ತಲೇ ಇಟ್ಟು ಕೂತಳು. ಕೂಗಿದ ಕೂಡಲೇ ಏಳೋಣವೆಂದು ಸೆರಗು ಸಿಕ್ಕಿಸಿಕೊಂಡಳು. ಕೂಗು ಬರಲಿಲ್ಲ. ಗಾರೆಯ ಮೇಲೆ ಮರ ಊರಿದ ಸದ್ದು ಬಂತು. ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಇನ್ನೊಂದು ಟಕ್.

ಅವಳು ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಅವನು ಅಂಗಳದ ಅರ್ಧ ದಾಟಿದ್ದ. ಎಡಗಾಲು ಒಂದಿಷ್ಟು ನಿಧಾನ, ಅಷ್ಟೇ. ತಿರುಗಿ ನೋಡಲಿಲ್ಲ. ಗೇಟಿನಿಂದಾಚೆ ಹೋಗಿ ಬೀದಿ ಹಿಡಿದ.

"ಅಯ್ಯೋ, ಎಲ್ಲಿಗೆ ಹೊರಟ್ರು? ವಾಪಸ್ ಬರೋವರೆಗೂ ಮಕ್ಕಳನ್ನ ಕಾಯಿಸ್ಲಾ?" ಎಂದರು ಹೆಡ್ ಮೇಡಂ.

"ಬರಲ್ಲ ಮೇಡಂ. ತರಗತಿಗೆ ಕಳಿಸ್ಬಿಡಿ."

ಮಹಡಿಯಲ್ಲಿ ಗದ್ದಲವೆದ್ದಿತು. ಅಕ್ಕ ಕತ್ತೆತ್ತಿ ನೋಡಿದಳು. ಪರೀಕ್ಷೆಗೆ ಕೂತಿದ್ದ ದೊಡ್ಡ ತರಗತಿಯ ಮಕ್ಕಳು ಪೆನ್ನು ಬಿಸಾಕಿ ಕಿಟಕಿಗಳಿಗೆ ಮುಗಿಬಿದ್ದಿದ್ದರು. ಅವರಲ್ಲಿ ಒಬ್ಬರೂ ಕೆಳಗೆ ಬಗ್ಗಿ ನೋಡುತ್ತಿರಲಿಲ್ಲ. ಎದುರುಮನೆಯವರಿಗೆ ಬೀಸುವ ಹಾಗೆ ನೇರಕ್ಕೆ ಅವನತ್ತ ಕೈ ಬೀಸುತ್ತಿದ್ದರು.